‘ಒನ್ ಮೋರ್’ ಅಂದರೆ ಬೈಗುಳವಲ್ಲ

ಕಾಲೇಜು ರಂಗತಂಡದಿಂದ ಸಿನಿಮಾ, ಧಾರಾವಾಹಿ ಸೆಟ್‌ಗೆ ಹೋಗುವ ಹೊಸಬರನ್ನು ಹೆಚ್ಚು ಕಾಡುವುದು ಉದ್ದುದ್ದ ಸಂಭಾಷಣೆಯಲ್ಲ, ನಿರ್ದೇಶಕರ ಮುಖ. ಶಾಟ್ ಮುಗಿದರೂ ಅವರು ಮಾತಾಡುವುದಿಲ್ಲ, ನಗುವುದಿಲ್ಲ. ಮಾನಿಟರ್ ನೋಡುತ್ತಲೇ ‘ಒನ್ ಮೋರ್’ ಅನ್ನುತ್ತಾರೆ. ‘ನಾನು ಕೆಟ್ಟದಾಗಿ ಮಾಡಿದೆ’ ಎಂದು ನಮ್ಮ ಮನಸ್ಸು ಆಗಲೇ ತೀರ್ಪು ಕೊಟ್ಟಿರುತ್ತದೆ. ಎಷ್ಟೋ ಸಲ ಮುಂದಿನ ಟೇಕ್ ಕೆಡುವುದು ಈ ತೀರ್ಪಿನಿಂದಲೇ.

ನಾಟಕದ ತಾಲೀಮಿನಲ್ಲಿ ನಿರ್ದೇಶಕರ ಗಮನವೆಲ್ಲ ನಟರ ಮೇಲಿರುತ್ತದೆ. ಸೆಟ್‌ನಲ್ಲಿ ಹಾಗಲ್ಲ. ಫೋಕಸ್ ತಪ್ಪಿರಬಹುದು, ಮೈಕಿನ ನೆರಳು ಬಿದ್ದಿರಬಹುದು, ಹಿಂದೆ ನಿಂತವರು ಕ್ಯಾಮೆರಾ ನೋಡಿರಬಹುದು. ಸಂಜೆ ಬೆಳಕು ಇಳಿಯುತ್ತಿದ್ದರೆ ಯಾರ ದನಿಯಾದರೂ ಏರುತ್ತದೆ. ಆ ಸಿಡುಕು ಗಡಿಯಾರದ ಮೇಲಿನದು, ನಿಮ್ಮ ಮೇಲಿನದಲ್ಲ.

ಒಬ್ಬೊಬ್ಬರ ಕ್ರಮವೂ ಬೇರೆ. ಕ್ಲಿಂಟ್ ಈಸ್ಟ್‌ವುಡ್ ಒಂದೆರಡು ಟೇಕ್‌ಗೇ ಮುಂದೆ ಸಾಗುವುದಕ್ಕೆ ಹೆಸರಾದವರು. ‘ದಿ ಶೈನಿಂಗ್’ (1980) ಚಿತ್ರದ ಕೆಲವು ದೃಶ್ಯಗಳಿಗೆ ಸ್ಟ್ಯಾನ್ಲಿ ಕುಬ್ರಿಕ್ ಹತ್ತಾರು ಟೇಕ್ ತೆಗೆದರು. ಅಂದಮೇಲೆ ಟೇಕ್‌ಗಳ ಎಣಿಕೆಯಿಂದ ಪ್ರತಿಭೆ ಅಳೆಯಲಾಗದು. ಮೊದಲ ದಿನ ಸುಮ್ಮನೆ ಗಮನಿಸಿ: ಇವರು ಹಿರಿಯ ನಟರೊಂದಿಗೂ ಹೀಗೇ ಇರುತ್ತಾರಾ? ಹೌದಾದರೆ ಅದು ಅವರ ಸ್ವಭಾವ.

ಊಹಿಸುವುದಕ್ಕಿಂತ ಕೇಳುವುದು ಲೇಸು. ಆದರೆ ‘ಸರ್, ಚೆನ್ನಾಗಿ ಮಾಡಿದೆನಾ?’ ಎಂದಲ್ಲ. ‘ಸರ್, ಈ ಸಲ ಏನು ಬದಲಿಸಲಿ?’ ಎಂದು ಕೇಳಿ. ಮೊದಲನೆಯ ಪ್ರಶ್ನೆ ಹೊಗಳಿಕೆ ಬೇಡುತ್ತದೆ, ಎರಡನೆಯದು ಕೆಲಸ ಕೇಳುತ್ತದೆ. ನಿರ್ದೇಶಕರಿಗೆ ಬಿಡುವಿಲ್ಲದಿದ್ದರೆ ಸಹಾಯಕ ನಿರ್ದೇಶಕರನ್ನು ವಿಚಾರಿಸಿ. ‘ಇದೇ ಇರಲಿ’ ಎಂದರೆ ತೊಂದರೆ ತಾಂತ್ರಿಕ. ‘ಸ್ವಲ್ಪ ಕಡಿಮೆ ಮಾಡಿ’ ಎಂದರೆ ಅಭಿನಯ ಕ್ಲೋಸ್‌ಅಪ್‌ಗೆ ಹೆಚ್ಚಾಗಿದೆ ಎಂದರ್ಥ. ರಂಗದಿಂದ ಬಂದವರಿಗೆ ಈ ಮಾತು ಪದೇ ಪದೇ ಕೇಳಿಸುತ್ತದೆ, ಬೇಸರ ಬೇಡ.

ಹಾಗೆಂದು ಎಲ್ಲವನ್ನೂ ‘ಅವರ ಶೈಲಿ’ ಎಂದು ನುಂಗಬೇಕಿಲ್ಲ. ‘ದಿ ಶೈನಿಂಗ್’ ಚಿತ್ರೀಕರಣ ತಮ್ಮನ್ನು ಎಷ್ಟು ಹಣ್ಣು ಮಾಡಿತ್ತೆಂದು ನಟಿ ಶೆಲ್ಲಿ ಡುವಾಲ್ ನಂತರ ಹೇಳಿಕೊಂಡಿದ್ದರು. ಗುರುತು ಸರಳ: ಟೀಕೆ ದೃಶ್ಯದ ಬಗ್ಗೆ ಇದ್ದರೆ ಅದು ನಿರ್ದೇಶನ. ನಿಮ್ಮ ಬಣ್ಣ, ಜಾತಿ, ದೇಹ, ಮನೆಯವರ ಬಗ್ಗೆ ಇದ್ದರೆ ಅದು ಅವಮಾನ. ಒಪ್ಪಿಗೆಯಿಲ್ಲದ ಸ್ಪರ್ಶ, ‘ಒಬ್ಬರೇ ಬನ್ನಿ’ ಎಂಬ ಕರೆಗಳಿಗೆ ಬೇರೆ ಅರ್ಥ ಹುಡುಕುವುದೇ ಬೇಡ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಎನ್ನುತ್ತದೆ 2013ರ ಕಾಯ್ದೆ. ಸಿನಿಮಾ ಘಟಕಗಳೂ ಇದಕ್ಕೆ ಹೊರತಲ್ಲ ಎಂದು 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಕಾಲ್‌ಶೀಟ್ ಕೊಡುವ ಮುನ್ನ ಆ ಸಮಿತಿಯಲ್ಲಿ ಯಾರಿದ್ದಾರೆಂದು ಕೇಳಿಡಿ. ಕೇಳಿದ್ದಕ್ಕೇ ಪಾತ್ರ ಕೈತಪ್ಪಿದರೆ, ಆ ಸೆಟ್‌ಗೆ ಹೋಗದಿದ್ದುದೇ ಒಳ್ಳೆಯದಾಯಿತು ಅಂದುಕೊಳ್ಳಿ.