ಬರಗಾಲದ ಪರಿಹಾರ ಮತ್ತು ಹೆಣ್ಣಿನ ಹಕ್ಕು

ನಾಡಿನ ಜನಪದರು ಬರಗಾಲಗಳನ್ನು ಇಸವಿಯಿಂದಲ್ಲ, ಸಂವತ್ಸರದ ಹೆಸರಿನಿಂದ ನೆನಪಿಟ್ಟುಕೊಂಡವರು. 1876-78ರ ಮಹಾಕ್ಷಾಮವು ಅವರ ಬಾಯಲ್ಲಿ ಧಾತು, ಈಶ್ವರ ಸಂವತ್ಸರಗಳ ಬರವಾಗಿ ಉಳಿಯಿತು. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಈ ಅಂಕಿಗಳು ಕ್ಷಾಮದ ಭೀಕರತೆಯನ್ನು ತೋರಿಸುತ್ತವೆ. ಆದರೆ ಸರ್ಕಾರ ನೀಡಿದ ಪರಿಹಾರ ಹೆಂಗಸರ ಕೈಗೆ ಹೇಗೆ ತಲುಪಿತು, ಹೇಗೆ ತಲುಪದೆ ಹೋಯಿತು ಎಂಬುದನ್ನು ತಿಳಿಯಲು ಅಂದಿನ ಪರಿಹಾರದ ನಿಯಮಗಳನ್ನೇ ನೋಡಬೇಕಾಗುತ್ತದೆ.

1877ರಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಗಳ ದಿನಗೂಲಿಯನ್ನು ಗಂಡಾಳಿಗೆ ಒಂದು ಪೌಂಡ್ ಧಾನ್ಯ ಮತ್ತು ಅರ್ಧ ಆಣೆಗೆ ಇಳಿಸಿದನು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದ್ದು ಪ್ರಸಿದ್ಧವಾಗಿದೆ. ಇತಿಹಾಸಕಾರರ ಚರ್ಚೆ ಬಹುಮಟ್ಟಿಗೆ ಈ ಒಂದು ಪೌಂಡಿನ ಸುತ್ತಲೇ ನಡೆದಿದೆ. ಅದರ ಜೊತೆಗೇ ಬಂದ ‘ದೂರದ ನಿಯಮ’ ಅಷ್ಟಾಗಿ ಗಮನ ಸೆಳೆದಿಲ್ಲ. ದುಡಿಯಬಲ್ಲವರಿಗೆ ಅವರ ಮನೆಯಿಂದ ಹತ್ತು ಮೈಲಿಯೊಳಗೆ ಕೆಲಸ ಕೊಡಬಾರದು ಎಂಬುದು ಅದರ ತಿರುಳು. ನಿಜವಾಗಿ ಗತಿಯಿಲ್ಲದವರು ಮಾತ್ರ ಅಷ್ಟು ದೂರ ಬಂದಾರು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅಕ್ಷರದಲ್ಲಿ ಈ ನಿಯಮ ಗಂಡು ಹೆಣ್ಣೆಂಬ ಭೇದ ಮಾಡಲಿಲ್ಲ. ಆದರೆ ಹಸುಗೂಸು, ಏಳಲಾರದ ಅತ್ತೆಮಾವ, ಉಳಿದೊಂದು ಎಮ್ಮೆ, ಅಡವಿಯಿಂದ ಆಯ್ದು ತಂದ ಬೆರಕೆ ಸೊಪ್ಪಿನ ಅಡುಗೆ ಇವೆಲ್ಲವೂ ಹೆಣ್ಣಿನ ಪಾಲಿಗಿದ್ದವು. ಹತ್ತು ಮೈಲಿ ಎಂಬುದು ಗಂಡಸಿಗೆ ಕಷ್ಟ. ಬಾಣಂತಿಗೆ ಅದು ಮುಚ್ಚಿದ ಬಾಗಿಲು.

1880ರ ಕ್ಷಾಮ ಆಯೋಗದ ವರದಿಯನ್ನು ಅನುಸರಿಸಿ 1883ರಲ್ಲಿ ಕ್ಷಾಮ ಸಂಹಿತೆ ಸಿದ್ಧವಾಯಿತು. ರೋಗಿಗಳ ಮತ್ತು ಕೂಸುಗಳ ಆರೈಕೆಗಾಗಿ ಮನೆಯಲ್ಲೇ ಉಳಿಯಬೇಕಾದವರಿಗೆ, ಹೊರಗೆ ಕಾಣಿಸಿಕೊಳ್ಳಲಾಗದ ಗೋಷಾ ಸ್ತ್ರೀಯರಿಗೆ ಕೆಲಸವಿಲ್ಲದೆಯೇ ನೆರವು ನೀಡಲು ಅದು ಒಪ್ಪಿತು. ಇದು ಮುಖ್ಯವಾದ ಹೆಜ್ಜೆಯೇ ಸರಿ. ಆದರೂ ಮಣ್ಣು ಹೊತ್ತ ಹೆಣ್ಣಾಳಿನ ಕೂಲಿ ಗಂಡಾಳಿನದಕ್ಕಿಂತ ಕಡಿಮೆಯಾಗಿಯೇ ಉಳಿಯಿತು. ಮನೆತನದ ಮರ್ಯಾದೆಗೆ ದೊರೆತ ರಕ್ಷಣೆ ದುಡಿಮೆಗೆ ದೊರೆಯಲಿಲ್ಲ.

ಇದರೊಡನೆ ಉತ್ತರ ಕರ್ನಾಟಕದ ಗುರ್ಜಿಯ ಆಚರಣೆಯನ್ನು ಹೋಲಿಸಬಹುದು. ಮಳೆ ಹೋದಾಗ ಗುರ್ಜಿಯನ್ನು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಾರೆ. ಮನೆಯೊಡತಿ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ನೀಡುತ್ತಾಳೆ. ಕೂಡಿದ್ದನ್ನು ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ಇದನ್ನು ವಿದ್ವಾಂಸರು ಸಾಮಾನ್ಯವಾಗಿ ಮಳೆಯ ವಿಧಿಯಾಗಿ ಮಾತ್ರ ವಿವರಿಸುತ್ತಾರೆ. ಆದರೆ ಇಲ್ಲಿ ಬೇಡುವುದು ನಾಚಿಕೆಯಲ್ಲ, ಬೇಡಿದವರ ಬಡತನವನ್ನು ಯಾರೂ ಪರೀಕ್ಷಿಸುವುದಿಲ್ಲ, ಕಣಜದಿಂದ ತೆಗೆದು ಕೊಡುವ ಕೈ ಹೆಣ್ಣಿನದು. ಒಂದು ಬೊಗಸೆ ಹಿಟ್ಟು ಕ್ಷಾಮವನ್ನು ನೀಗಲಾರದು ಎಂಬುದೂ ಅಷ್ಟೇ ನಿಜ. ಧಾತು ಸಂವತ್ಸರದಂಥ ಬರದಲ್ಲಿ ಕೊಡುವ ಮನೆಯ ಕಣಜವೂ ಬರಿದಾಗಿರುತ್ತದೆ.

ಪರಿಹಾರವನ್ನು ಹಕ್ಕಾಗಿ ಮಾಡುವ ಕೆಲಸ ಬಹಳ ತಡವಾಗಿ ನಡೆಯಿತು. 1972-73ರ ಬರದ ಅನುಭವದಿಂದ ಬೆಳೆದ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆಗೆ 1977ರಲ್ಲಿ ಕಾನೂನಿನ ರೂಪ ಬಂದಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಟೆಂಪಲ್ಲನ ನಿಯಮವನ್ನು ಅಕ್ಷರಶಃ ತಿರುವಿಹಾಕಿತು: ಕೆಲಸ ಹಳ್ಳಿಯಿಂದ 5 ಕಿಲೋಮೀಟರಿನೊಳಗೆ ಇರಬೇಕು, ಅದಕ್ಕಿಂತ ದೂರವಾದರೆ ಶೇ. 10ರಷ್ಟು ಹೆಚ್ಚು ಕೂಲಿ. ಫಲಾನುಭವಿಗಳಲ್ಲಿ ಮೂರನೆಯ ಒಂದು ಪಾಲಾದರೂ ಮಹಿಳೆಯರಿರಬೇಕು. ಆರು ವರ್ಷದೊಳಗಿನ ಐದು ಮಕ್ಕಳು ಜೊತೆಗಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ಕೂಲಿಯ ಮೇಲೆಯೇ ನೇಮಿಸಬೇಕು ಎಂದೂ ವಿಧಿಸಿತು. ಕೂಸು ನೋಡುವುದೂ ಕೆಲಸವೆಂದು ಈ ಕಾಯ್ದೆ ಲೆಕ್ಕಕ್ಕೆ ಹಿಡಿಯಿತು. 2012-13ರಿಂದಾಚೆಗೆ ಈ ಯೋಜನೆಯ ಮಾನವ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರದಾಗಿತ್ತು.

ಆದರೆ ನೂರು ದಿನಗಳ ಹಕ್ಕು ಇದ್ದುದು ಕುಟುಂಬಕ್ಕೆ, ವ್ಯಕ್ತಿಗಲ್ಲ. ಉದ್ಯೋಗ ಚೀಟಿಯೂ ಕುಟುಂಬಕ್ಕೊಂದೇ. ಆಕೆಯ ಕೂಲಿ ಅನೇಕ ಕಡೆ ಗಂಡನ ಬ್ಯಾಂಕ್ ಖಾತೆಗೆ ಹೋಗುತ್ತಿತ್ತು. ಮಧ್ಯಪ್ರದೇಶದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೂಲಿ ನೇರವಾಗಿ ತಮ್ಮ ಖಾತೆಗೇ ಬರುವಂತಾಗಿ, ಅದನ್ನು ಬಳಸುವ ತರಬೇತಿಯೂ ದೊರೆತಾಗ, ಮಹಿಳೆಯರು ಈ ಯೋಜನೆಯಲ್ಲಷ್ಟೇ ಅಲ್ಲದೆ ಹೊರಗೂ ಹೆಚ್ಚು ದುಡಿಯತೊಡಗಿದರೆಂದು ಕಂಡುಬಂದಿದೆ.