ರಾತ್ರಿಯ ಅಳು ಯಾರ ತಪ್ಪೂ ಅಲ್ಲ

ಚೊಚ್ಚಲ ಮಗು ಹುಟ್ಟಿದ ಮನೆಗೆ ನೋಡಲು ಬಂದವರು ಮೊದಲು ಕೇಳುವುದು ಮಗು ಯಾರ ಹಾಗೆ ಉಂಟು ಎಂದು. ಎರಡನೇ ಪ್ರಶ್ನೆ, "ರಾತ್ರಿ ಮಲಗ್ತದಾ?" ಮಲಗುತ್ತದೆ ಎಂದರೆ 'ಪಾಪದ ಮಗು' ಎಂಬ ಹೊಗಳಿಕೆ. ಇಲ್ಲ ಎಂದರೆ ಒಬ್ಬೊಬ್ಬರದು ಒಂದೊಂದು ಕಾರಣ. ಹಾಲು ಸಾಲುವುದಿಲ್ಲ, ಉಮ್ಮ ಎಂತದೋ ವಾಯುವಿನದ್ದು ತಿಂದಿದ್ದಾಳೆ, ಕಣ್ಣು ಬಿದ್ದಿದೆ, ಈಗಿನ ಹುಡುಗಿಯರಿಗೆ ಮಗು ನೋಡಿ ಗೊತ್ತಿಲ್ಲ. ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಆ ಹುಡುಗಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ. ಹಿಂದಿನ ರಾತ್ರಿ ಅವಳು ಎಷ್ಟು ಗಂಟೆ ಮಲಗಿದ್ದಾಳೆ ಎಂದು ಕೇಳುವವರು ಕಡಿಮೆ.

ಮದ್ರಸದಲ್ಲಿ ಕಲಿಸುವ ನಮ್ಮ ಬಳಿಗೂ ಈ ದೂರು ಬರುವುದುಂಟು. ಮಗ್ರಿಬ್ ಕಳೆದ ಮೇಲೆ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಬರುತ್ತಾರೆ. "ಉಸ್ತಾದರೆ, ಮಗು ರಾತ್ರಿಯಿಡೀ ಅಳ್ತದೆ, ಒಂದಿಷ್ಟು ಓದಿ ಕೊಡಿ" ಎನ್ನುತ್ತಾರೆ. ದುಆ ಮಾಡಲು ನಮಗೇನೂ ಅಡ್ಡಿಯಿಲ್ಲ. ಆದರೆ ಎರಡು ಮಾತು ಹೇಳದೆ ನಾವು ಕಳಿಸುವುದಿಲ್ಲ. ಒಂದು, ಆರು ತಿಂಗಳೊಳಗಿನ ಮಗುವಿಗೆ ತಾಯಿಹಾಲು ಬಿಟ್ಟರೆ ನೀರೂ ಬೇಡ ಎಂಬುದು ವೈದ್ಯರ ಮಾತು. ಹಾಗಾಗಿ ಓದಿದ ನೀರನ್ನು ಉಮ್ಮ ಕುಡಿಯಲಿ, ಮಗುವಿನ ಬಾಯಿಗೆ ಹಾಕಬೇಡಿ. ಇನ್ನೊಂದು, ಮಗುವಿನ ಜೊತೆ ರಾತ್ರಿ ಎದ್ದಿರುವವರು ಯಾರು? ಹೆಚ್ಚಿನವರ ಉತ್ತರ ಒಂದೇ: "ಅದರ ಉಮ್ಮ ಮಾತ್ರ."

ಈ ಲೇಖನ ಆ ಉತ್ತರದ ಬಗ್ಗೆ.

ನಿದ್ದೆಯ ಲೆಕ್ಕ

ಮಗುವಿಗೆ ನಿದ್ದೆ ಕಡಿಮೆ ಎಂಬುದು ನಮ್ಮ ಭ್ರಮೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಮೊದಲ 3 ತಿಂಗಳಲ್ಲಿ ಮಗುವಿಗೆ ದಿನಕ್ಕೆ 14ರಿಂದ 17 ಗಂಟೆ ನಿದ್ದೆ ಬೇಕು. 4ರಿಂದ 11 ತಿಂಗಳವರೆಗೆ 12ರಿಂದ 16 ಗಂಟೆ. ಒಂದರಿಂದ ಎರಡು ವರ್ಷದವರೆಗೆ 11ರಿಂದ 14 ಗಂಟೆ. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ತೊಂದರೆ ಇರುವುದು ಎಲ್ಲಿ ಎಂದರೆ, ಆ ನಿದ್ದೆ ತುಂಡು ತುಂಡಾಗಿ ಬರುತ್ತದೆ.

ಹೊಟ್ಟೆ ಚಿಕ್ಕದು. ತಾಯಿಹಾಲು ಬೇಗ ಜೀರ್ಣವಾಗುತ್ತದೆ. ಹುಟ್ಟಿದ ಮಗು 24 ಗಂಟೆಯಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅದಕ್ಕೆ ಹಗಲು ಯಾವುದು, ರಾತ್ರಿ ಯಾವುದು ಎಂಬ ಅರಿವು ಮೂಡಲು ಎರಡು ಮೂರು ತಿಂಗಳು ಬೇಕು. ನಮ್ಮ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷದ್ದಾದರೆ ಮಗುವಿನದು 50 ನಿಮಿಷದಷ್ಟು. ಪ್ರತಿ ಸುತ್ತು ಮುಗಿಯುವಾಗ ಅದು ಎಚ್ಚರದ ಹತ್ತಿರ ಬರುತ್ತದೆ.

ಇನ್ನೊಂದು ವಿಷಯ ಹೊಸ ಬಾಪ, ಉಮ್ಮಂದಿರಿಗೆ ಗೊತ್ತಿದ್ದರೆ ಒಳ್ಳೆಯದು. ಮಗುವಿನ ನಿದ್ದೆಯಲ್ಲಿ ಅರ್ಧದಷ್ಟು ಭಾಗ ಚಟುವಟಿಕೆಯ ನಿದ್ದೆ. ಆಗ ಅದು ಮುಲುಕುತ್ತದೆ, ಕೈಕಾಲು ಅಲ್ಲಾಡಿಸುತ್ತದೆ, ಮುಖ ಕಿವುಚುತ್ತದೆ, ಒಮ್ಮೆ ಕುಂಯ್ ಎನ್ನುತ್ತದೆ. ಎದ್ದಿತು ಎಂದು ನಾವು ಓಡಿಹೋಗಿ ಎತ್ತಿಕೊಂಡರೆ ನಿಜವಾಗಿ ಎಬ್ಬಿಸುವವರು ನಾವೇ. ಒಂದೆರಡು ನಿಮಿಷ ಸುಮ್ಮನೆ ನೋಡಿ. ಎಷ್ಟೋ ಸಲ ಅದೇ ಮಲಗಿಬಿಡುತ್ತದೆ.

ನಲ್ವತ್ತು ಕಳೆಯುವ ಹೊತ್ತು

ಅಮೆರಿಕದ ಮಕ್ಕಳ ವೈದ್ಯ ಬ್ರೆಜಲ್ಟನ್ 1962ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಪ್ರಸಿದ್ಧ. ಆರೋಗ್ಯವಾಗಿರುವ ಮಕ್ಕಳೂ ಹುಟ್ಟಿದ ಮೇಲೆ ವಾರದಿಂದ ವಾರಕ್ಕೆ ಹೆಚ್ಚು ಅಳುತ್ತವೆ. ಆರನೇ ವಾರದ ಹೊತ್ತಿಗೆ ಅಳು ತುದಿಗೇರುತ್ತದೆ, ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ. ಅದರಲ್ಲಿ ಹೆಚ್ಚಿನ ಪಾಲು ಸಂಜೆಯ ಮೇಲೆ. ಆಮೇಲೆ ಇಳಿಯುತ್ತಾ ಹೋಗಿ ಮೂರು ನಾಲ್ಕು ತಿಂಗಳಲ್ಲಿ ತುಂಬಾ ಕಡಿಮೆಯಾಗುತ್ತದೆ.

ಆರು ವಾರ ಎಂದರೆ 42 ದಿನ. ನಮ್ಮ ಮನೆಗಳಲ್ಲಿ ನಲ್ವತ್ತು ಕಳೆಯುವುದೂ ಆಗಲೇ! ಅಷ್ಟು ದಿನ ಬಾಣಂತಿಗೆ ಎಣ್ಣೆ, ಬಿಸಿನೀರು, ಮದ್ದು, ಕೈಗೆ ಕೈಗೆ ಊಟ ಎಲ್ಲವೂ ಇತ್ತು. ನಲ್ವತ್ತರ ಸ್ನಾನ ಆದ ಮರುದಿನ ಮಗು ನೋಡಿಕೊಳ್ಳುತ್ತಿದ್ದ ಹೆಂಗಸು ಹೊರಡುತ್ತಾಳೆ. ರಜೆಗೆಂದು ಬಂದ ಬಾಪ ಗಲ್ಫ್ ವಿಮಾನ ಹತ್ತುತ್ತಾನೆ. ಕೆಲವು ಮನೆಗಳಲ್ಲಿ ಹುಡುಗಿ ಗಂಡನ ಮನೆಗೆ ಹೋಗಿ ಅಡುಗೆಮನೆಗೂ ಇಳಿಯಬೇಕು. ಮಗುವಿನ ಅಳು ಅತಿ ಹೆಚ್ಚಾಗುವ ವಾರದಲ್ಲೇ ನೆರವಿನ ಕೈಗಳು ಅತಿ ಕಡಿಮೆಯಾಗುತ್ತವೆ. 'ಇಷ್ಟು ದಿನ ಸರಿ ಇತ್ತು, ಈಗ ಎಂತ ಆಯ್ತು' ಎಂದು ಮನೆಯವರಿಗೆ ಅನಿಸುತ್ತದೆ. ಆದದ್ದು ಇಷ್ಟೇ.

ನಲ್ವತ್ತು ದಿನದ ಆರೈಕೆ ನಮ್ಮ ಹಿರಿಯರು ಮಾಡಿಟ್ಟ ಒಳ್ಳೆಯ ಏರ್ಪಾಡು. ಅದನ್ನು ನಲ್ವತ್ತಕ್ಕೇ ಕಡಿದು ನಿಲ್ಲಿಸಬೇಡಿ. ಮೂರು ತಿಂಗಳವರೆಗೆ ಯಾವುದಾದರೂ ರೀತಿಯಲ್ಲಿ ಮುಂದುವರಿಸಿ ಎಂಬುದು ನಮ್ಮ ಮನವಿ.

ನಿದ್ದೆ ಬರಿಸುವ ಮದ್ದು ಬೇಡ

ಸಾಕಾಗಿಹೋದ ಮನೆಯಲ್ಲಿ ಯಾರಾದರೂ ಒಬ್ಬರು ಉಪಾಯ ಹೇಳುತ್ತಾರೆ. ಜಾಯಿಕಾಯಿ ತೇಯ್ದು ನೆಕ್ಕಿಸಿ ಎನ್ನುತ್ತಾರೆ. ಜಾಯಿಕಾಯಿ ಹೆಚ್ಚಾದರೆ ವಿಷ. ಅಷ್ಟು ಚಿಕ್ಕ ದೇಹಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂದು ತೇಯುವ ಕೈಗೆ ತಿಳಿಯುವುದಿಲ್ಲ. ಇನ್ನು ಕೆಲವರು ಶೀತದ ಸಿರಪ್ ಕೊಟ್ಟು ಮಲಗಿಸುತ್ತಾರೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲ್‌ಎಫ್ರಿನ್ ಸೇರಿಸಿದ ಶೀತದ ಮದ್ದನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದಾರೆ. ಡಾಕ್ಟರು ಬರೆದುಕೊಡದ ಯಾವ ಸಿರಪ್ಪೂ ಮಗುವಿಗೆ ಬೇಡ.

ಹೊಟ್ಟೆ ತುಂಬಿದರೆ ಮಲಗೀತು ಎಂದು ಮೂರನೇ ತಿಂಗಳಿಗೇ ರಾಗಿ ಮಣ್ಣಿ ಕೊಡುವುದೂ ಉಂಟು. ಮಣ್ಣಿಗೆ ಆರು ತಿಂಗಳು ತುಂಬಲಿ.

ಜೇನಿನ ವಿಷಯ ಬೇರೆಯೇ ಹೇಳಬೇಕು. ಹುಟ್ಟಿದ ಮಗುವಿನ ಬಾಯಿಗೆ ಸಿಹಿ ತಾಗಿಸುವ ತಹ್ನೀಕ್‌ಗೆ ಕೆಲವರು ಖರ್ಜೂರದ ಬದಲು ಜೇನು ಬಳಸುತ್ತಾರೆ. ಒಂದು ವರ್ಷದೊಳಗಿನ ಮಗುವಿಗೆ ಒಂದು ಹನಿ ಜೇನೂ ಬೇಡ. ಅದರಲ್ಲಿರಬಹುದಾದ ರೋಗಾಣುವಿನ ಬೀಜ ಮಗುವಿನ ಕರುಳಲ್ಲಿ ಬೆಳೆದು ಬಾಟ್ಯುಲಿಸಮ್ ಎಂಬ ಕಾಯಿಲೆ ತರಬಹುದು. ಮಗುವಿನ ಸ್ನಾಯು ಸೋತು ಉಸಿರಾಟಕ್ಕೂ ಕಷ್ಟವಾಗುತ್ತದೆ. ಸುನ್ನತ್ತಿನಲ್ಲಿ ಬಂದಿರುವುದು ಖರ್ಜೂರ. ಅದನ್ನೂ ಮೆತ್ತಗೆ ಮಾಡಿ, ತೊಳೆದ ಬೆರಳಲ್ಲಿ ಸವರಿದಷ್ಟು ಸಾಕು. ಅದಕ್ಕೂ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ.

ಮಲಗಿಸುವ ಜಾಗ

ಮಗುವನ್ನು ಯಾವಾಗಲೂ ಅಂಗಾತ ಮಲಗಿಸಿ. ಕವುಚಿ ಮಲಗಿಸಿದರೆ ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ ಎಂಬುದು ನಿಜವಿರಬಹುದು. ಆದರೆ ನಿದ್ದೆಯಲ್ಲೇ ಸಾವು ಸಂಭವಿಸುವ ಅಪಾಯ ಅದರಲ್ಲಿ ಹೆಚ್ಚು. ಅಮೆರಿಕದಲ್ಲಿ 1994ರಲ್ಲಿ 'ಅಂಗಾತ ಮಲಗಿಸಿ' ಎಂಬ ಪ್ರಚಾರ ಶುರುವಾದ ಮೇಲೆ ಅಂಥ ಸಾವುಗಳು ಅರ್ಧದಷ್ಟು ಇಳಿದವು. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿ ಇರಲಿ. ತಲೆ ದುಂಡಗಾಗಲೆಂದು ಇಡುವ ದಿಂಬು, ದಪ್ಪ ಹೊದಿಕೆ, ಬೊಂಬೆ ಯಾವುದೂ ಮಗುವಿನ ಮುಖದ ಹತ್ತಿರ ಬೇಡ. ಮಳೆಗಾಲ ಎಂದು ಮುಚ್ಚಿದ ಕೋಣೆಯಲ್ಲಿ ಟೊಪ್ಪಿ, ಸಾಕ್ಸ್, ಎರಡು ಕಂಬಳಿ ಸುತ್ತುವುದು ನಮ್ಮ ಊರಿನ ಸೆಕೆಗೆ ಹೊಂದುವುದಿಲ್ಲ. ಬೆನ್ನು ಮುಟ್ಟಿ ನೋಡಿ, ಬೆವರಿದ್ದರೆ ಬಟ್ಟೆ ಕಡಿಮೆ ಮಾಡಿ.

ಸೀರೆಯ ತೊಟ್ಟಿಲಲ್ಲಿ ಗಲ್ಲ ಎದೆಗೆ ತಾಗುವಂತೆ ಮಗು ಮುದುಡಿದರೆ ಉಸಿರಿಗೆ ಅಡ್ಡಿ. ಹಗಲು ಕಣ್ಣೆದುರಿಗೆ ತೂಗುವುದು ಬೇರೆ, ರಾತ್ರಿಯಿಡೀ ಅದರಲ್ಲೇ ಬಿಟ್ಟು ಮಲಗುವುದು ಬೇರೆ. ಹಾಲು ಕುಡಿಸುತ್ತಾ ಸೋಫಾದಲ್ಲೇ ನಿದ್ದೆಹೋಗುವುದು ತುಂಬಾ ಅಪಾಯ. ಸಿಗರೇಟು ಸೇದುವ ಬಾಪ ಮಗುವಿನ ಹಾಸಿಗೆಯಲ್ಲಿ ಮಲಗದಿರಲಿ.

ಹಗಲು ರಾತ್ರಿಯ ಪಾಠವನ್ನು ಮನೆಯೇ ಕಲಿಸಬಹುದು. ಬೆಳಿಗ್ಗೆ ಮಗುವನ್ನು ಜಗಲಿಯ ಬೆಳಕಿಗೆ ತನ್ನಿ, ಮಾತಾಡಿಸಿ. ರಾತ್ರಿ ದೀಪ ಸಣ್ಣದು, ಮಾತು ಕಡಿಮೆ. ಬಟ್ಟೆ ಬದಲಿಸುವುದೂ ಆ ಸಣ್ಣ ಬೆಳಕಲ್ಲೇ. ಮೂರು ನಾಲ್ಕು ತಿಂಗಳಾದ ಮೇಲೆ ಪ್ರತಿ ರಾತ್ರಿ ಒಂದೇ ಕ್ರಮ ಇಟ್ಟುಕೊಳ್ಳಿ: ಮೈ ಒರೆಸುವುದು, ಹಾಲು, ಒಂದು ಜೋಗುಳ, ಹಾಸಿಗೆ.

ಗಲ್ಫಿನಲ್ಲಿರುವ ಬಾಪಂದಿರಿಗೂ ಒಂದು ಮಾತು. ದುಬೈಯಲ್ಲಿ ರಾತ್ರಿ 10 ಎಂದರೆ ಇಲ್ಲಿ 11:30. ಸೌದಿಯಲ್ಲಿ 10 ಎಂದರೆ ಇಲ್ಲಿ 12:30. ಡ್ಯೂಟಿ ಮುಗಿಸಿ ಮಗುವಿನ ಮುಖ ನೋಡುವ ಆಸೆ ನಮಗೆ ಅರ್ಥವಾಗುತ್ತದೆ. ಆದರೆ ಆ ಹೊತ್ತಿಗೆ ಮಗುವನ್ನು ಎಬ್ಬಿಸಿ ತೋರಿಸು ಎನ್ನಬೇಡಿ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ವಿಡಿಯೊ ಕಾಲ್ ಮಾಡಿ.

ಆಚೆಮನೆಯ ಮಗು ಮತ್ತು ನಮ್ಮ ಮಗು

ನಿದ್ದೆಗೂ ಬೆಳವಣಿಗೆಗೂ ನಂಟಿದೆ. ಮಗುಚಲು, ನಿಲ್ಲಲು ಕಲಿಯುವ ದಿನಗಳಲ್ಲಿ ಚೆನ್ನಾಗಿ ಮಲಗುತ್ತಿದ್ದ ಮಗುವೂ ರಾತ್ರಿ ಏಳುತ್ತದೆ. ಎಂಟು ಒಂಬತ್ತು ತಿಂಗಳಲ್ಲಿ ಉಮ್ಮ ಕಾಣದಿದ್ದರೆ ಅಳುತ್ತದೆ. ಇದು ಹಟವಲ್ಲ, ಬುದ್ಧಿ ಬೆಳೆಯುವ ಗುರುತು.

ಮುಖ ನೋಡಿ ನಗುವುದು ಸುಮಾರು ಎರಡು ತಿಂಗಳಿಗೆ. ಕತ್ತು ನಿಲ್ಲುವುದು ಮೂರು ನಾಲ್ಕು ತಿಂಗಳಿಗೆ. ಮಗುಚುವುದು ನಾಲ್ಕರಿಂದ ಆರು ತಿಂಗಳಲ್ಲಿ, ತಾನೇ ಕೂರುವುದು ಆರರಿಂದ ಒಂಬತ್ತರಲ್ಲಿ. ನಡೆಯುವುದು ಒಂದು ವರ್ಷದ ಆಚೀಚೆ, ಕೆಲವರದು 18 ತಿಂಗಳವರೆಗೂ ಹೋಗುತ್ತದೆ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಈ ಲೆಕ್ಕವನ್ನು ಡಾಕ್ಟರು ಕೊಟ್ಟಿದ್ದ ತಾರೀಕಿನಿಂದ ಹಿಡಿಯಬೇಕು. ಆಚೆಮನೆಯ ಮಗು ಹತ್ತು ತಿಂಗಳಿಗೇ ನಡೆದರೆ ನಡೆಯಲಿ. ಅದನ್ನು ಕಂಡು ವಾಕರ್ ತರಬೇಡಿ. ವಾಕರ್ ನಡಿಗೆಯನ್ನು ಬೇಗ ಮಾಡುವುದಿಲ್ಲ, ಮೆಟ್ಟಿಲಿಂದ ಬೀಳಿಸುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಮಗುವಿನೊಡನೆ ಬ್ಯಾರಿಯಲ್ಲೇ ಧಾರಾಳ ಮಾತಾಡಿ. ಮನೆಯಲ್ಲಿ ಎರಡು ಮೂರು ಭಾಷೆ ಇದ್ದರೆ ಮಾತು ತಡವಾಗುತ್ತದೆ ಎಂಬ ಹೆದರಿಕೆ ಬೇಡ. ಹೆದರಬೇಕಾದ್ದು ಮೊಬೈಲಿಗೆ. ಒಂದು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಬಾಪನ ಜೊತೆ ವಿಡಿಯೊ ಕಾಲ್ ಅಡ್ಡಿಯಿಲ್ಲ, ಅಲ್ಲಿ ಮುಖ ಉಂಟು, ಉತ್ತರ ಉಂಟು.

ಮೂರು ತಿಂಗಳಾದರೂ ನಗದಿದ್ದರೆ, ಐದಾದರೂ ಕತ್ತು ನಿಲ್ಲದಿದ್ದರೆ, ಸದ್ದಿಗೆ ತಿರುಗದಿದ್ದರೆ, ಕಲಿತದ್ದನ್ನು ಮರೆತರೆ ತಡಮಾಡದೆ ತೋರಿಸಿ. ಆಶಾ ಕಾರ್ಯಕರ್ತೆ ಮೊದಲ 42 ದಿನ, ಆಮೇಲೆ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಬರಬೇಕೆಂದು ಸರಕಾರದ ಯೋಜನೆಯಲ್ಲೇ ಇದೆ. ತಾಯಿ ಕಾರ್ಡ್ ಹಿಡಿದು ಅವರಲ್ಲಿ ಕೇಳಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ, ಹಾಲು ಬಿಟ್ಟರೆ, ಮೈ ನೀಲಿಗಟ್ಟಿದರೆ ಬೆಳಗಾಗುವವರೆಗೆ ಕಾಯಬೇಡಿ.

ಉಮ್ಮನ ನಿದ್ದೆ

ಹೆರಿಗೆಯಾದ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ ಅದು ಖಿನ್ನತೆ ಇರಬಹುದು. ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮಗುವನ್ನು ಮುಟ್ಟಲು ಮನಸ್ಸಾಗುವುದಿಲ್ಲ, ಸಾಯುವ ಮಾತು ಬರುತ್ತದೆ. ಇದನ್ನು ಶೈತಾನಿನ ಕಾಟ ಎಂದು ನೂಲು ಕಟ್ಟಿ ಕೂರಿಸಬೇಡಿ. ಈಮಾನ್ ಕಡಿಮೆ ಎಂದು ಬೈಯಬೇಡಿ. ಇದು ಕಾಯಿಲೆ, ಮದ್ದು ಉಂಟು, ಗುಣವಾಗುತ್ತದೆ. ಡಾಕ್ಟರಲ್ಲಿ ಹೋಗುವುದು ಕಷ್ಟವೆನಿಸಿದರೆ ಮೊದಲು 14416ಕ್ಕೆ ಫೋನ್ ಮಾಡಿ. ಸರಕಾರದ ಟೆಲಿ ಮಾನಸ್ ಸೇವೆ ಅದು, ಹಗಲು ರಾತ್ರಿ ಉಂಟು, ಹಣವಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಳು ಕೇಳಿ ಕೇಳಿ ಸಿಟ್ಟು ನೆತ್ತಿಗೇರಿದರೆ ಮಗುವನ್ನು ಅಂಗಾತ ಮಲಗಿಸಿ ಹತ್ತು ನಿಮಿಷ ಹೊರಗೆ ಬನ್ನಿ. ಯಾವತ್ತೂ ಮಗುವನ್ನು ಹಿಡಿದು ಅಲುಗಾಡಿಸಬೇಡಿ. ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯವಾದೀತು.

ನಮಾಝಿನಲ್ಲಿರುವಾಗ ಮಗುವಿನ ಅಳು ಕೇಳಿದರೆ ಪ್ರವಾದಿಯವರು (ಸ) ನಮಾಝನ್ನು ಚಿಕ್ಕದಾಗಿಸುತ್ತಿದ್ದರು, ಆ ತಾಯಿಯ ಮನಸ್ಸಿಗಾಗುವ ಕಷ್ಟವನ್ನು ನೆನೆದು ಎಂದು ಹದೀಸಿನಲ್ಲಿದೆ. ಮಸೀದಿಯ ನಮಾಝೇ ಒಬ್ಬ ತಾಯಿಗಾಗಿ ಬೇಗ ಮುಗಿದಿದ್ದರೆ, ನಮ್ಮ ನಿದ್ದೆಯಲ್ಲಿ ಎರಡು ಗಂಟೆ ಅವಳಿಗೆ ಬಿಟ್ಟುಕೊಡುವುದು ದೊಡ್ಡದಲ್ಲ.

ಹಾಲು ಕೊಡುವುದು ಉಮ್ಮನ ಕೈಯಲ್ಲಿ ಮಾತ್ರ ಆಗುವ ಕೆಲಸ. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಹೆಗಲಿಗೆ ಹಾಕಿ ನಡೆದಾಡುವುದು ಬಾಪನಿಗೂ ಆಗುತ್ತದೆ, ಅಜ್ಜಿಗೂ ಅತ್ತೆಗೂ ಆಗುತ್ತದೆ. ಸುಬ್ಹಿಗೆ ಏಳುವ ಅಜ್ಜನಿಗೂ ಆಗುತ್ತದೆ. ನಮಾಝ್ ಮುಗಿಸಿ ಬಂದು ಅವರು ಮಗುವನ್ನು ಜಗಲಿಗೆ ಎತ್ತಿಕೊಂಡು ಹೋದರೆ ಉಮ್ಮನಿಗೆ ಏಳೂವರೆಯವರೆಗೆ ಒಂದೇ ನಿದ್ದೆ ಸಿಗುತ್ತದೆ. ಚಾ, ತಿಂಡಿ ಒಂದು ದಿನ ತಡವಾದರೆ ಯಾರಿಗೂ ಎಂತದೂ ಆಗುವುದಿಲ್ಲ.