ಮೂರು ಮೈಲಿ, ಸಾವಿರ ಅಡಿ

ಜೆಟ್ ವಿಮಾನಕ್ಕೆ ಕುವೈತ್ ಕಾಲು ಗಂಟೆಯ ದೇಶ. ಉತ್ತರದ ಇರಾಕ್ ಗಡಿಯಿಂದ ದಕ್ಷಿಣದ ಸೌದಿ ಗಡಿಯವರೆಗೆ ಸುಮಾರು 200 ಕಿಲೋಮೀಟರ್, ಅಷ್ಟೇ. ಅಷ್ಟರೊಳಗೆ ಮಂಗಳೂರಿನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇಳಿಯಬೇಕು, ಜಜೀರಾ ಏರ್‌ವೇಸಿನ ಏರ್‌ಬಸ್ ಏರಬೇಕು, ಇವೆರಡರ ತಲೆಯ ಮೇಲೆ ಯುರೋಪಿನಿಂದ ಇರಾಕ್ ದಾಟಿ ದುಬೈ, ದೋಹಾ ಕಡೆ ಹೊರಟವು ಸಾಗಬೇಕು. ವಿಮಾನ ನಿಲ್ದಾಣದ ಮಗ್ಗುಲಲ್ಲೇ ಅಬ್ದುಲ್ಲಾ ಅಲ್ ಮುಬಾರಕ್ ವಾಯುನೆಲೆ, ಪಶ್ಚಿಮಕ್ಕೆ ಅಲಿ ಅಲ್ ಸಲೇಂ. ಅಲ್ಲಿನ ಮಿಲಿಟರಿ ವಿಮಾನಗಳ ಲೆಕ್ಕ ಬೇರೆ. ಬೆಲ್ಟ್ ಬಿಗಿದುಕೊಂಡು "ಇನ್ನೂ ಯಾಕೆ ಇಳಿಸ್ತಿಲ್ಲ" ಎಂದು ಗೊಣಗುವ ನಮ್ಮ ಕರಾವಳಿಯವರು ಬೈಯುವುದು ಪೈಲಟನ್ನು. ಆ ಸುತ್ತು ಹಾಕಿಸುತ್ತಿರುವವರು ನೆಲದ ಮೇಲೆ, ಮಬ್ಬು ಬೆಳಕಿನ ಕೋಣೆಯಲ್ಲಿ, ರೇಡಾರ್ ಪರದೆಯ ಮುಂದೆ ಕೂತಿರುತ್ತಾರೆ.

ಎಟಿಸಿ, ಅಂದರೆ ವಾಯು ಸಂಚಾರ ನಿಯಂತ್ರಣ, ಎಂದೊಡನೆ ಗಾಜಿನ ಗೋಪುರ ಕಣ್ಣ ಮುಂದೆ ಬರುತ್ತದೆ. ಆದರೆ ಗೋಪುರದವರ ಪಾಲಿಗೆ ಇರುವುದು ರನ್‌ವೇ ಮತ್ತು ಅದರ ಸುತ್ತಲಿನ ಕೆಲವು ಮೈಲಿ. ನಾಲ್ಕೂ ದಿಕ್ಕಿನಿಂದ ಬರುವ ವಿಮಾನಗಳನ್ನು ಒಂದು ಸಾಲಿಗೆ ತರುವ ಕುಸುರಿ ಅಪ್ರೋಚ್ ಕಂಟ್ರೋಲರ್‌ಗಳದ್ದು. ನಿಲ್ದಾಣದ ಹತ್ತಿರ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಮೂರು ನಾಟಿಕಲ್ ಮೈಲಿ ಅಡ್ಡ ಅಂತರ ಇರಬೇಕು, ಇಲ್ಲವೇ ಸಾವಿರ ಅಡಿ ಎತ್ತರದ ಅಂತರ. ಎರಡರಲ್ಲಿ ಒಂದು ಸದಾ ಕೈಯಲ್ಲಿರಬೇಕು. ಮೂರು ಮೈಲಿ ಎಂದರೆ ಐದೂವರೆ ಕಿಲೋಮೀಟರ್, ಬೇಕಾದಷ್ಟಾಯಿತಲ್ಲ ಎನಿಸಬಹುದು. 250 ನಾಟ್ ವೇಗದ ಎರಡು ವಿಮಾನ ಎದುರುಬದುರಾದರೆ ಅದು ಇಪ್ಪತ್ತೆರಡು ಸೆಕೆಂಡಿಗೆ ಮುಗಿದುಹೋಗುತ್ತದೆ. ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿದ ಹಾಗೆ ವಿಮಾನವನ್ನು ನಿಲ್ಲಿಸಲಾಗದು. ಹಾಗಾಗಿ ಒಳ್ಳೆಯ ಕಂಟ್ರೋಲರ್ ನೋಡುವುದು ಪರದೆಯ ಮೇಲಿನ ಚುಕ್ಕೆ ಈಗ ಎಲ್ಲಿದೆ ಎಂಬುದಕ್ಕಿಂತ ಹೆಚ್ಚಾಗಿ, ಐದು ನಿಮಿಷ ಬಿಟ್ಟು ಎಲ್ಲಿರುತ್ತದೆ ಎಂಬುದನ್ನು. ಎರಡು ಚುಕ್ಕೆ ಹತ್ತಿರ ಬಂದ ಮೇಲೆ ಬೇರ್ಪಡಿಸುವವರಿಗಿಂತ, ಹತ್ತಿರ ಬರುವ ಸಂದರ್ಭವನ್ನೇ ಹುಟ್ಟಿಸದವರು ಕಸುಬಿನಲ್ಲಿ ಮೇಲು. ಅವರ ಪಾಳಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ.

ಮೂರು ಮೈಲಿಯೂ ಎಲ್ಲರಿಗೂ ಸಾಲದು. ಕುವೈತ್ ಏರ್‌ವೇಸಿನ ಬೋಯಿಂಗ್ 777 ತನ್ನ ಹಿಂದೆ ಗಾಳಿಯ ಸುಳಿ ಬಿಟ್ಟು ಹೋಗುತ್ತದೆ; ಕಣ್ಣಿಗೆ ಕಾಣದ ಆ ಸುಳಿ ಸಣ್ಣ ವಿಮಾನವನ್ನು ಮಗುಚಬಲ್ಲದು. ಅದರ ಬೆನ್ನಿಗೆ ಜಜೀರಾದ ಎ320 ಇಳಿಯಬೇಕಿದ್ದರೆ ಐದು ಮೈಲಿ ಬಿಡಬೇಕು, ಅಂದರೆ ಎರಡು ನಿಮಿಷಕ್ಕೂ ತುಸು ಹೆಚ್ಚು. ಕಡಿಮೆಯಾದರೆ ಅಪಾಯ, ಹೆಚ್ಚಾದರೆ ಹಿಂದಿನ ಸಾಲು ಬೆಳೆಯುತ್ತದೆ. ಒಬ್ಬರಿಗೆ ವೇಗ ತಗ್ಗಿಸಲು ಹೇಳಿ, ಇನ್ನೊಬ್ಬರನ್ನು ಇಪ್ಪತ್ತು ಡಿಗ್ರಿ ಬಲಕ್ಕೆ ಹೊರಳಿಸಿ, ಸರಿಯಾಗಿ ಐದಕ್ಕೆ ತಂದು ನಿಲ್ಲಿಸುವುದನ್ನು ಯಂತ್ರ ಲೆಕ್ಕ ಹಾಕಿ ಕೊಡಬಹುದು. ಪಳಗಿದವರು ಅದನ್ನು ಕಣ್ಣಳತೆಯಲ್ಲೇ ಮಾಡುತ್ತಾರೆ.

ಕುವೈತಿನ ಹವೆಯೂ ಈ ಲೆಕ್ಕದಲ್ಲಿ ಕೈಯಾಡಿಸುತ್ತದೆ. ಅಲ್ಲಿನ ಹಳೆಯ ಎರಡು ಸಮಾನಾಂತರ ರನ್‌ವೇಗಳ ತುದಿಗಳ ಸಂಖ್ಯೆ 15 ಮತ್ತು 33: ದಿಕ್ಸೂಚಿಯ ಸುಮಾರು 150 ಮತ್ತು 330 ಡಿಗ್ರಿ. ವಾಯುವ್ಯದಿಂದ ಬೀಸುವ ಶಮಾಲ್ ಗಾಳಿಗೆ ಎದುರಾಗಿ ಇಳಿಯಲು, ಏರಲು ಹೇಳಿ ಮಾಡಿಸಿದ ದಿಕ್ಕು. ಅದೇ ಗಾಳಿ ಧೂಳು ಹೊತ್ತು ತಂದರೆ ಆಟವೇ ಬೇರೆ. 2022ರ ಮೇ ತಿಂಗಳಲ್ಲಿ ಧೂಳಿನಿಂದಾಗಿ ನಿಲ್ದಾಣವನ್ನೇ ಕೆಲ ಹೊತ್ತು ಮುಚ್ಚಬೇಕಾಯಿತು. ಆಗ ದಾರಿಯಲ್ಲಿದ್ದವನ್ನೆಲ್ಲ ಒಂದರ ಮೇಲೊಂದು ಸಾವಿರ ಅಡಿ ಬಿಟ್ಟು ಸುತ್ತಿಸಬೇಕು, ಇಂಧನ ಸಾಲದವರನ್ನು ಬೇರೆ ಊರಿಗೆ ಕಳಿಸಬೇಕು. ಬಿಸಿಲಿನದು ಇನ್ನೊಂದು ತಕರಾರು. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು 53.9 ಡಿಗ್ರಿ ದಾಖಲಾಗಿತ್ತು. ಕಾದ ಗಾಳಿ ತೆಳು, ತುಂಬಿದ ವಿಮಾನ ಅದರಲ್ಲಿ ನಿಧಾನವಾಗಿ ಏರುತ್ತದೆ. ಜನವರಿಯಲ್ಲಿ ಮುಟ್ಟುವ ಎತ್ತರವನ್ನು ಜುಲೈಯಲ್ಲೂ ಅಷ್ಟೇ ದೂರದಲ್ಲಿ ಮುಟ್ಟುತ್ತದೆ ಎಂದು ನಂಬಿ ಇನ್ನೊಂದನ್ನು ಅದರ ಮೇಲೆ ದಾಟಿಸಲಾಗದು.

ಎಲ್ಲವೂ ನಡೆಯುವುದು ಮಾತಿನಲ್ಲಿ. ಕಂಟ್ರೋಲರ್ ಕೊಟ್ಟ ಎತ್ತರವನ್ನು ಪೈಲಟ್ ಮರುನುಡಿಯಬೇಕು, ಇದು ರೀಡ್‌ಬ್ಯಾಕ್. ಕಷ್ಟ ಇರುವುದು ಅದನ್ನು ಕೇಳಿಸಿಕೊಳ್ಳುವುದರಲ್ಲಿ. ನಾವು ಹೇಳಿದ್ದನ್ನೇ ಅವರೂ ಹೇಳಿದರು ಎಂದು ಕಿವಿ ತಾನಾಗಿ ನಂಬಿಬಿಡುತ್ತದೆ. ಪ್ರತಿ ಸಲವೂ ಮೊದಲ ಸಲದಂತೆ ಕೇಳಿಸಿಕೊಳ್ಳುವ ಕಿವಿಯನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ನನಗೆ ಈ ಕಸುಬಿನ ಅತಿ ದೊಡ್ಡ ಸಾಧನೆಯಾಗಿ ಕಾಣುತ್ತದೆ.

ಸಮಾನಾಂತರ ರನ್‌ವೇಗಳಿದ್ದಲ್ಲಿ ಮಾತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರೇ ಉದಾಹರಣೆ. 2022ರ ಜನವರಿಯ ಒಂದು ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದಲ್ಲಿ ಉತ್ತರದ ರನ್‌ವೇಯೊಂದನ್ನೇ ಬಳಸುವುದೆಂದು ತೀರ್ಮಾನವಾಯಿತು. ಅದು ದಕ್ಷಿಣದ ಟವರ್ ಕಂಟ್ರೋಲರಿಗೆ ತಲುಪಲಿಲ್ಲ. ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟಿದ್ದ ಎರಡು ಇಂಡಿಗೋ ವಿಮಾನಗಳು ಎರಡೂ ರನ್‌ವೇಗಳಿಂದ ಹೆಚ್ಚುಕಮ್ಮಿ ಒಟ್ಟಿಗೇ ಏರಿ ಒಂದರತ್ತ ಒಂದು ವಾಲಿದವು. ಅಪ್ರೋಚ್ ರೇಡಾರಿನಲ್ಲಿ ಕೂತವರು ಅದನ್ನು ಕಂಡು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದರು.

ಕಾಣದೆ ಹೋದ ದಿನಗಳೂ ಇವೆ. 1996ರ ನವೆಂಬರ್ 12ರಂದು ದೆಹಲಿಯಿಂದ ಏರುತ್ತಿದ್ದ ಸೌದಿ ವಿಮಾನಕ್ಕೆ 14,000 ಅಡಿ, ಎದುರಿನಿಂದ ಇಳಿಯುತ್ತಿದ್ದ ಕಜಕ್ ವಿಮಾನಕ್ಕೆ 15,000 ಅಡಿ ಕೊಡಲಾಗಿತ್ತು. ಕಜಕ್ ವಿಮಾನ ತನ್ನ ಎತ್ತರ ಬಿಟ್ಟು ಕೆಳಗಿಳಿಯಿತು. ಆಗಿನ ದೆಹಲಿ ರೇಡಾರ್ ಎತ್ತರ ತೋರಿಸುತ್ತಿರಲಿಲ್ಲ. ಚರ್ಖಿ ದಾದ್ರಿಯ ಹೊಲಗಳ ಮೇಲೆ ಎರಡೂ ಡಿಕ್ಕಿಯಾಗಿ 349 ಜನ ಸತ್ತರು. ಸೌದಿ ವಿಮಾನದಲ್ಲಿದ್ದವರಲ್ಲಿ ಅನೇಕರು ಕೊಲ್ಲಿಗೆ ದುಡಿಯಲು ಹೊರಟವರು. ಆಮೇಲೆ ಭಾರತಕ್ಕೆ ಬರುವ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಉಪಕರಣ ಟಿಕ್ಯಾಸ್ ಕಡ್ಡಾಯವಾಯಿತು. ಎರಡು ವಿಮಾನಗಳ ಈ ಉಪಕರಣಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಎನ್ನುತ್ತವೆ.

2002ರಲ್ಲಿ ಜರ್ಮನಿಯ ಉಬರ್‌ಲಿಂಗೆನ್ ಮೇಲೆ ಒಂದು ವಿಮಾನಕ್ಕೆ ಈ ಉಪಕರಣ ಏರು ಎಂದಿತು, ಕಂಟ್ರೋಲರ್ ಇಳಿ ಎಂದರು, ಪೈಲಟ್ ಇಳಿಸಿದರು. ಅದು ಇನ್ನೊಂದು ವಿಮಾನಕ್ಕೆ ಡಿಕ್ಕಿಯಾಗಿ 71 ಜೀವ ಹೋಯಿತು. ಈಗ ನಿಯಮ ಸ್ಪಷ್ಟ. ಪೈಲಟ್ "ಟಿಕ್ಯಾಸ್ ಆರ್‌ಎ" (ಉಪಕರಣ ಏರು ಅಥವಾ ಇಳಿ ಎಂದಿದೆ) ಎಂದೊಡನೆ, ಕುವೈತಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಕಂಟ್ರೋಲರ್ ಆ ವಿಮಾನದ ದಾರಿ ಬದಲಿಸಲು ಹೋಗಬಾರದು. "ಕ್ಲಿಯರ್ ಆಫ್ ಕಾನ್‌ಫ್ಲಿಕ್ಟ್" (ಅಪಾಯ ಕಳೆಯಿತು) ಎಂದು ಕೇಳಿಸುವ ಹೊತ್ತಿಗೆ ಅದು ಕೆಲವು ನೂರು ಅಡಿ ಮೇಲಕ್ಕೋ ಕೆಳಕ್ಕೋ ಸರಿದಿರುತ್ತದೆ. ಅಷ್ಟರಲ್ಲಿ ಅದರ ಸುತ್ತ ಇರುವ ಉಳಿದ ವಿಮಾನಗಳಿಗೆ ಕಂಟ್ರೋಲರ್ ಹೊಸದಾಗಿ ಸಾವಿರ ಅಡಿ ಹುಡುಕಬೇಕು.